ಉಪಗ್ರಹ ಇಂಟರ್ನೆಟ್: ಕಲಬುರಗಿಗೆ ಆಕಾಶದ ಸಂಪರ್ಕ ಹೊಸದಲ್ಲ, ಸ್ವಿಚ್ ಯಾರ ಕೈಯಲ್ಲಿ ಅನ್ನೋದೇ ಪ್ರಶ್ನೆ

ಕಲಬುರಗಿ ನಗರದ ಜೇವರ್ಗಿ ಕಾಲೋನಿಯಲ್ಲಿ ಮನೆಗೆ ಇಂಟರ್ನೆಟ್ ಬೇಕೆಂದರೆ ಯಾವ ಕಂಪನಿಯದ್ದು ಹಾಕಿಸೋಣ ಅನ್ನೋದಷ್ಟೇ ಪ್ರಶ್ನೆ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ತಲುಪಿ, ಅಲ್ಲಿಂದ ಹೆದ್ದಾರಿ ಬಿಟ್ಟು ಒಳಗಿನ ತಾಂಡಾಗಳ ಕಡೆ ಹೊರಟರೆ ಪ್ರಶ್ನೆಯೇ ಬದಲಾಗುತ್ತದೆ: ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತೆ?

ಇದು ಬರೀ ರೀಲ್ಸ್ ನೋಡುವ ವಿಷಯ ಅಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನೆಟ್‌ವರ್ಕ್ ಬೇಕು. ನರೇಗಾ ಕೂಲಿಕಾರರ ಹಾಜರಾತಿ ಫೋಟೊ 2023ರ ಜನವರಿಯಿಂದ ಆ್ಯಪ್‌ನಲ್ಲೇ ಹಾಕಬೇಕು ಅಂತ ಕಡ್ಡಾಯವಾಯಿತು. ಸಿಗ್ನಲ್ ಇಲ್ಲದ ಕಡೆ ದುಡಿದ ಕೂಲಿಗೂ ಲೆಕ್ಕ ಸಿಗೋದು ಕಷ್ಟ. ಹಾಗಾಗಿ ಉಪಗ್ರಹ ಇಂಟರ್ನೆಟ್ ಅಂದ ಕೂಡಲೇ ಕಿವಿ ನೆಟ್ಟಗಾಗೋದು ಸಹಜ. ಅದು ಏನು, ಯಾರದ್ದು, ನಮಗೆಷ್ಟು ದಕ್ಕುತ್ತೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಇದು ಹೇಗೆ ಕೆಲಸ ಮಾಡುತ್ತೆ?

ಮನೆ ಮೇಲಿನ ಡಿಶ್‌ನಿಂದ ಸಂಕೇತ ಉಪಗ್ರಹಕ್ಕೆ ಹೋಗುತ್ತದೆ. ಅಲ್ಲಿಂದ ನೆಲದ ಮೇಲಿನ ಗೇಟ್‌ವೇ ಕೇಂದ್ರಕ್ಕೆ ಇಳಿದು ಇಂಟರ್ನೆಟ್ ಸೇರುತ್ತದೆ. ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಊರಿಗೆ ಕೇಬಲ್ ಬೇಡ, ಟವರ್ ಬೇಡ.

ಉಪಗ್ರಹಗಳಲ್ಲಿ ಮುಖ್ಯವಾಗಿ ಎರಡು ಬಗೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನಮಗೆ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು ಒಂದು. ಸಂಕೇತ ಎರಡು ಸಲ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ವೆಬ್‌ಸೈಟ್ ನೋಡಲು ಅಡ್ಡಿಯಿಲ್ಲ, ವಿಡಿಯೊ ಕಾಲ್‌ನಲ್ಲಿ ಮಾತು ತಡವರಿಸುತ್ತದೆ. ಇನ್ನೊಂದು ಕೆಳ ಕಕ್ಷೆಯ ಉಪಗ್ರಹಗಳು. ಸ್ಟಾರ್‌ಲಿಂಕ್‌ನವು ಸುಮಾರು 550 ಕಿ.ಮೀ. ಎತ್ತರದಲ್ಲಿ, ಒನ್‌ವೆಬ್‌ನವು 1,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಇಲ್ಲಿ ವಿಳಂಬ ತೀರಾ ಕಡಿಮೆ. ಆದರೆ ಒಂದೊಂದು ಉಪಗ್ರಹವೂ ಕೆಲವೇ ನಿಮಿಷದಲ್ಲಿ ನಮ್ಮ ತಲೆ ಮೇಲಿಂದ ದಾಟಿಹೋಗುವುದರಿಂದ ನೂರಾರು, ಸಾವಿರಾರು ಉಪಗ್ರಹಗಳ ಬಲೆಯೇ ಬೇಕು. ಸ್ಟಾರ್‌ಲಿಂಕ್ ಉಪಗ್ರಹದ ಆಯಸ್ಸು ಸುಮಾರು ಐದು ವರ್ಷ. ಹಳೆಯವು ಉದುರಿದಂತೆ ಹೊಸವನ್ನು ಹಾರಿಸುತ್ತಲೇ ಇರಬೇಕು.

ಮಿತಿಗಳೂ ಇವೆ. ಒಂದು ಪ್ರದೇಶದ ಎಲ್ಲ ಗ್ರಾಹಕರೂ ಅದೇ ಉಪಗ್ರಹದ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. ಹಾಗಾಗಿ ಮನೆಗಳು ಒತ್ತೊತ್ತಾಗಿರುವ ನಗರಕ್ಕೆ ಇದು ಫೈಬರ್‌ನ ಬದಲಿ ಆಗಲಾರದು. ಜೋರು ಮಳೆಗೆ ಸಂಕೇತ ಕುಗ್ಗುತ್ತದೆ. ಕರೆಂಟ್ ಹೋದರೆ ಡಿಶ್ಶೂ ಬಂದ್.

1975: ಹಳ್ಳಿಗೆ ಮೊದಲು ಬಂದ ಆಕಾಶವಾಹಿನಿ

ಕಲಬುರಗಿ ಜಿಲ್ಲೆಗೆ ಉಪಗ್ರಹದ ನಂಟು ಐವತ್ತು ವರ್ಷ ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಅನ್ನುವ ಪ್ರಯೋಗ ನಡೆಯಿತು. ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟಿವಿ ಪಾಠ ತಲುಪಿಸುವುದು ಅದರ ಉದ್ದೇಶ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಿಂದ ಸೇರಿದ್ದು ಮೂರು ಜಿಲ್ಲೆ: ಗುಲ್ಬರ್ಗಾ, ರಾಯಚೂರು, ಬಿಜಾಪುರ. ಜಾಲರಿಯಿಂದ ಮಾಡಿದ ಸುಮಾರು ಮೂರು ಮೀಟರ್ ಅಗಲದ ಡಿಶ್, ಊರಿಗೆಲ್ಲ ಒಂದೇ ಟಿವಿ. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ನಾಲ್ಕು ತಾಸು ಕಾರ್ಯಕ್ರಮ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಇಲ್ಲಿನ ಹಳ್ಳಿಗಳು ಟಿವಿ ನೋಡಿದ್ದವು!

ಆದರೆ ಉಪಗ್ರಹ ನಮ್ಮದಾಗಿರಲಿಲ್ಲ. ಎಟಿಎಸ್-6 ಅಮೆರಿಕದ ನಾಸಾದ್ದು, ಒಪ್ಪಂದ ಒಂದೇ ವರ್ಷದ್ದು. ವರ್ಷ ತುಂಬಿದ ಮೇಲೆ ಅವರು ಅದನ್ನು ಭಾರತದ ಮೇಲಿಂದ ಸರಿಸಿಕೊಂಡರು, ಪ್ರಸಾರ ನಿಂತಿತು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನದ ನೆಲ ಪ್ರಸಾರ ಕೇಂದ್ರ ಬಂತು, ನಿಜ. ಆದರೆ ಅದು ತಲುಪಿದ್ದು ಗೋಪುರದ ಸುತ್ತಲಿನ ಊರುಗಳನ್ನು ಮಾತ್ರ. ನಮ್ಮದೇ ಇನ್‌ಸ್ಯಾಟ್-1ಬಿ ಹಾರಿದ್ದು 1983ರಲ್ಲಿ.

ಈಗ ಕಣದಲ್ಲಿ ಯಾರಿದ್ದಾರೆ?

ಭೂಸ್ಥಿರ ಉಪಗ್ರಹದ ಇಂಟರ್ನೆಟ್ ಭಾರತದಲ್ಲಿ ಈಗಾಗಲೇ ಇದೆ. ಇಸ್ರೋದ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಬಳಸಿ ಹ್ಯೂಸ್ ಕಂಪನಿ 2022ರಲ್ಲಿ ಹೆಚ್ಚಿನ ಸಾಮರ್ಥ್ಯದ ಸೇವೆ ಶುರು ಮಾಡಿತು. 2024ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-ಎನ್2ರ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್.

ಉಪಗ್ರಹ ಸೇವೆಗೆ ಒನ್‌ವೆಬ್, ಜಿಯೊ ಸಂಸ್ಥೆಗಳಿಗೆ ಮೊದಲೇ ಲೈಸೆನ್ಸ್ ಸಿಕ್ಕಿತ್ತು. ಸ್ಟಾರ್‌ಲಿಂಕ್‌ಗೆ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಏರ್‌ಟೆಲ್ ಮತ್ತು ಜಿಯೊ ಎರಡೂ ಸ್ಟಾರ್‌ಲಿಂಕ್ ಮಾರಾಟಕ್ಕೆ ಕೈಜೋಡಿಸಿದ್ದವು. ಪೈಪೋಟಿ ಕೊಡಬೇಕಾದವರೇ ಏಜೆಂಟರಾದರೆ ಬೆಲೆ ಇಳಿಯೋದು ಹೇಗೆ ಅಂತ ಕೇಳಲೇಬೇಕು.

ಇನ್ನು ತರಂಗಾಂತರ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಉಪಗ್ರಹ ಸೇವೆಗೆ ಹರಾಜಿಲ್ಲ, ಸರ್ಕಾರವೇ ನೇರವಾಗಿ ಹಂಚುತ್ತದೆ. 2025ರ ಮೇನಲ್ಲಿ ಟ್ರಾಯ್ ಕೊಟ್ಟ ಶಿಫಾರಸು ಹೀಗಿತ್ತು: ಕಂಪನಿ ತನ್ನ ಆದಾಯದ ಶೇ. 4ರಷ್ಟು ಕಟ್ಟಬೇಕು, ಕೆಳ ಕಕ್ಷೆಯ ಕಂಪನಿಯಾದರೆ ನಗರದ ಪ್ರತಿ ಗ್ರಾಹಕನಿಗೆ ವರ್ಷಕ್ಕೆ 500 ರೂ. ಹೆಚ್ಚುವರಿ. ಜೇವರ್ಗಿ ಕಾಲೋನಿಯ ಗ್ರಾಹಕನ ಲೆಕ್ಕದಲ್ಲಿ ಜಾಸ್ತಿ, ಕಮಲಾಪುರದ ತಾಂಡಾದ ಲೆಕ್ಕದಲ್ಲಿ ಕಡಿಮೆ. ತತ್ವ ಸರಿಯಾಗಿದೆ. ಆದರೆ ಆ ವ್ಯತ್ಯಾಸದಿಂದಷ್ಟೇ ಕೂಲಿಕಾರನ ಮನೆಗೆ ಡಿಶ್ ಬರೋದಿಲ್ಲ.

ಸ್ವಿಚ್ ಯಾರ ಕೈಯಲ್ಲಿ?

1976ರಲ್ಲಿ ಒಪ್ಪಂದ ಮುಗಿಯಿತು, ಉಪಗ್ರಹ ಹೋಯಿತು. ಈಗ ಅಷ್ಟೂ ಕಾಯಬೇಕಿಲ್ಲ. ಕ್ರೈಮಿಯಾ ಬಳಿ ಸ್ಟಾರ್‌ಲಿಂಕ್ ಸೇವೆ ತೆರೆಯಲು ಉಕ್ರೇನ್ ಕೇಳಿದಾಗ ತಾನು ಒಪ್ಪಲಿಲ್ಲ ಅಂತ ಎಲಾನ್ ಮಸ್ಕ್ 2023ರಲ್ಲಿ ತಾವೇ ಹೇಳಿಕೊಂಡರು. ಯುದ್ಧದಲ್ಲಿರುವ ಒಂದು ದೇಶದ ಸಂಪರ್ಕ ಒಬ್ಬ ಉದ್ಯಮಿಯ ತೀರ್ಮಾನಕ್ಕೆ ಬಿಟ್ಟಿತ್ತು. ಇತ್ತ ನಮ್ಮ ಸರ್ಕಾರ 2025ರ ಮೇನಲ್ಲಿ ಹೊರಡಿಸಿದ ಭದ್ರತಾ ನಿಯಮಗಳು, ಹೇಳಿದ ಪ್ರದೇಶದಲ್ಲಿ ಸೇವೆ ಕಡಿತ ಮಾಡುವ ವ್ಯವಸ್ಥೆ ಇರಲೇಬೇಕು ಎನ್ನುತ್ತವೆ. ಮಾತೆತ್ತಿದರೆ ಇಂಟರ್ನೆಟ್ ಬಂದ್ ಮಾಡುವ ದೇಶದಲ್ಲಿ ಇದೂ ಸಣ್ಣ ಮಾತಲ್ಲ. ಒಂದು ಸ್ವಿಚ್ ಕಂಪನಿ ಕೈಯಲ್ಲಿ, ಇನ್ನೊಂದು ಸರ್ಕಾರದ ಕೈಯಲ್ಲಿ. ತಾಂಡಾದ ಕೈಯಲ್ಲಿ ಏನಿದೆ?

ಹಾಗಾದ್ರೆ ಏನು ಕೇಳಬೇಕು?

ಮೊದಲನೆಯದು, ಫೈಬರ್ ಲೆಕ್ಕ. ಪ್ರತಿ ಪಂಚಾಯಿತಿಗೆ ಫೈಬರ್ ಅನ್ನುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದೇ ಈಗಿನ ಭಾರತ್‌ನೆಟ್. 2023ರಲ್ಲಿ ಅದಕ್ಕೆ ಮತ್ತೆ 1,39,579 ಕೋಟಿ ರೂ. ಮಂಜೂರಾಯಿತು. ನಮ್ಮ ಪಂಚಾಯಿತಿಯ ಪೆಟ್ಟಿಗೆ ಇವತ್ತು ಚಾಲೂ ಇದೆಯಾ ಅಂತ ಗ್ರಾಮಸಭೆಯಲ್ಲಿ ಕೇಳಿ. ಉಪಗ್ರಹ ಬರುತ್ತೆ ಅನ್ನೋದು ಫೈಬರ್ ಮರೆಯಲು ನೆಪ ಆಗಬಾರದು.

ಎರಡನೆಯದು, ಫೈಬರ್ ನಿಜಕ್ಕೂ ತಲುಪದ ಕಡೆ ಮನೆಗೊಂದು ಡಿಶ್ ಅಲ್ಲ, ಊರಿಗೊಂದು ಡಿಶ್. ಶಾಲೆ ಅಥವಾ ಅಂಗನವಾಡಿ ಮೇಲೆ ಸೋಲಾರ್ ಜೊತೆ ಕೂರಿಸಿ ವೈಫೈ ಮೂಲಕ ಹಂಚಬಹುದು. ಸಾರ್ವಜನಿಕ ವೈಫೈಗೆ ಪಿಎಂ-ವಾಣಿ ಚೌಕಟ್ಟು 2020ರಿಂದಲೇ ಇದೆ. ದೂರಸಂಪರ್ಕ ಕಂಪನಿಗಳ ಆದಾಯದ ಶೇ. 5ರಷ್ಟು ಸೇರುವ ಡಿಜಿಟಲ್ ಭಾರತ್ ನಿಧಿ ಇರುವುದೇ ಇಂಥ ಊರುಗಳಿಗಾಗಿ.

ಮೂರನೆಯದು, ರಾಜ್ಯ ಸರ್ಕಾರದ ನಿಲುವು. ಆಳಂದದ ಗಡಿ ದಾಟಿದರೆ ಸಿಗುವ ಧಾರಾಶಿವ ಸೇರಿದಂತೆ ಹಿಂದುಳಿದ ಜಿಲ್ಲೆಗಳಿಗಾಗಿ ಮಹಾರಾಷ್ಟ್ರ 2025ರ ನವೆಂಬರ್‌ನಲ್ಲಿ ಸ್ಟಾರ್‌ಲಿಂಕ್ ಜೊತೆ ಆಶಯಪತ್ರಕ್ಕೆ ಸಹಿ ಹಾಕಿತು. ನಾಳೆ ಕರ್ನಾಟಕವೂ ಹಾಕಬಹುದು. ಹಾಕುವ ಮೊದಲು ಷರತ್ತುಗಳು ಜನರ ಮುಂದೆ ಬರಲಿ: ದರ ಎಷ್ಟು, ಎಷ್ಟು ವರ್ಷಕ್ಕೆ, ಕೆಟ್ಟರೆ ರಿಪೇರಿ ಮಾಡುವವರು ಯಾರು, ಕಂಪನಿ ಎದ್ದು ಹೋದರೆ ಮುಂದೇನು.

ಕಲ್ಯಾಣ ಕರ್ನಾಟಕದ ಹಳ್ಳಿಗಳು ಒಮ್ಮೆ ಪ್ರಯೋಗಕ್ಕೆ ಜಾಗ ಕೊಟ್ಟಾಗಿದೆ. ಈ ಸಲ ಕೇಳಬೇಕಾದ್ದು ಪ್ರಯೋಗವನ್ನಲ್ಲ, ಖಾಯಂ ಸಂಪರ್ಕವನ್ನು.