ದರಿಯಾ ದೌಲತ್ತಿನ ಸೇನಾಚಿತ್ರದ ಪ್ರಾಮಾಣ್ಯ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂಬುದು ಸುವಿದಿತ. ಆತನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. ಆದರೆ ಸೇನಾನಾಯಕನಾದ ಹೈದರನ ಚಿತ್ರವನ್ನು ಕಾಣಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಅಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಮಹಲಿನ ಪಶ್ಚಿಮದ ಗೋಡೆಯ ಮೇಲೆ, ತಂದೆ ಮಕ್ಕಳಿಬ್ಬರೂ ತಮ್ಮ ಪಡೆಗಳ ಮುಂಭಾಗದಲ್ಲಿ ಸಾಗುತ್ತಿರುವ ದೃಶ್ಯವಿದೆ. ಅದೇ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ನಡೆದ ಕದನವೂ ಚಿತ್ರಿತವಾಗಿದೆ.

ಈ ಚಿತ್ರಗಳನ್ನು ಆ ಕಾಲದ ಪ್ರತ್ಯಕ್ಷ ಸಾಕ್ಷ್ಯವೆಂದು ಅಂಗೀಕರಿಸಬಹುದೇ? ಇವು ಮುತ್ತಿಗೆಗೆ ಮುನ್ನವೇ ವಿರೂಪಗೊಂಡಿದ್ದವೆಂದೂ, 1799ರ ಅನಂತರ ಈ ಮಹಲಿನಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿಯು ಇವನ್ನು ಸರಿಪಡಿಸಿದನೆಂದೂ, ಮತ್ತೆ ಸುಣ್ಣ ಬಳಿಯಲ್ಪಟ್ಟವನ್ನು ಲಾರ್ಡ್ ಡಾಲ್‌ಹೌಸಿಯು ಮೂಲಚಿತ್ರಗಳ ನೆನಪಿದ್ದ ದೇಶೀಯ ಚಿತ್ರಕಾರನೊಬ್ಬನಿಂದ ಬರೆಯಿಸಿದನೆಂದೂ ಲೂಯಿ ರೈಸ್ ತಿಳಿಸುತ್ತಾನೆ. ಹೀಗೆ ನೆನಪಿನ ಬಲದಿಂದ ಪುನಃ ಬರೆದ ಚಿತ್ರದ ಅಂಗಿಯ ಬಣ್ಣ, ಪೇಟದ ಸುತ್ತು, ಬಂದೂಕಿನ ಆಕಾರ ಇವನ್ನು ಆಧಾರವಾಗಿಟ್ಟುಕೊಂಡು ಮೈಸೂರು ಸೈನ್ಯದ ವೇಷಭೂಷಣಗಳನ್ನು ವರ್ಣಿಸುವುದು ಸಾಹಸವೇ ಸರಿ. ನಮ್ಮ ಪಠ್ಯಪುಸ್ತಕಕಾರರು ಈ ಸಾಹಸಕ್ಕೆ ಹಿಂಜರಿದಂತಿಲ್ಲ!

ಆದರೂ ಚಿತ್ರದ ವಿನ್ಯಾಸವನ್ನು ನಂಬಲು ಕಾರಣವಿದೆ. ಪೊಳ್ಳಿಲೂರು ಕದನವನ್ನು ಹತ್ತು ದೊಡ್ಡ ಹಾಳೆಗಳ ಮೇಲೆ ಬರೆದ ಪ್ರತಿಯೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅದು ಡಾಲ್‌ಹೌಸಿಯ ಕಾಲಕ್ಕಿಂತ ಹಿಂದಿನದು. ಚೌಕವಾಗಿ ನಿಂತ ಕೆಂಪಂಗಿಯ ಇಂಗ್ಲಿಷ್ ಪಡೆ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಕರ್ನಲ್ ಬೈಲಿ, ಇವು ಗೋಡೆಯಲ್ಲಿಯೂ ಹಾಳೆಯಲ್ಲಿಯೂ ಸಮಾನವಾಗಿವೆ. ಕಡೆಯ ಚಿತ್ರಕಾರನು ಕದನವನ್ನು ಕಲ್ಪಿಸಿ ಬರೆದವನಲ್ಲ.

ಮೆರವಣಿಗೆಯ ದೃಶ್ಯದಲ್ಲಿ ಸಿಪಾಯಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಾಲುಗಟ್ಟಿದ್ದಾರೆ. ಇದು ಕುಶಲತೆಯ ಕೊರತೆಯಲ್ಲ. ಕವಾಯತು ಕಲಿತ ಸೈನ್ಯವೇ ಹೈದರನ ಬಲವಾಗಿತ್ತು. ಹೆಚ್ಚುಕಡಮೆ ಇದೇ ಕಾಲದಲ್ಲಿ ಅಮೆರಿಕದಲ್ಲಿಯೂ ಇಂಥ ಚಿತ್ರವೊಂದು ಹುಟ್ಟಿತು. ವಾಷಿಂಗ್ಟನ್ನನು 1794ರಲ್ಲಿ ಕಂಬರ್ಲೆಂಡ್ ಕೋಟೆಯ ಬಳಿ ಪಡೆಗಳನ್ನು ಪರಿಶೀಲಿಸಿದ ಆ ಚಿತ್ರವು ಕೆಮ್ಮೆಲ್‌ಮೇಯರನದೆಂದು ಹೇಳಲಾಗಿದೆ. ಅಲ್ಲಿಯೂ ಅಶ್ವಾರೂಢ ನಾಯಕನೊಬ್ಬನೇ ದೊಡ್ಡವನು. ಸೈನ್ಯವೆಲ್ಲ ಹಿನ್ನೆಲೆಯ ಗೆರೆಗಳು. ಭೇದವಿಷ್ಟೇ: ಅಲ್ಲಿ ಸೋತವರ ಸುಳಿವಿಲ್ಲ, ಇಲ್ಲಿ ಮೆರವಣಿಗೆಯ ಜೊತೆಯಲ್ಲಿಯೇ ಶತ್ರುವಿನ ಸೋಲೂ ಇದೆ.

ಆ ಸೋಲಿನ ಚಿತ್ರವನ್ನು ಸೋತವರ ಕಡೆಯವರೇ ಎರಡು ಬಾರಿ ಉಳಿಸಿದರೆಂಬುದು ಸೋಜಿಗ. 1799ರ ಜಯದ ಬಳಿಕ ಅವರಿಗೆ ಅದರ ಅಂಜಿಕೆ ಉಳಿದಿರಲಿಲ್ಲವೆಂದು ತೋರುತ್ತದೆ. ಸೆರೆಯಲ್ಲಿದ್ದ ಬೈಲಿಯು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಮೃತನಾದನು. 1816ರಲ್ಲಿ ಆತನ ಬಂಧುವು ಕಟ್ಟಿಸಿದ ಸ್ಮಾರಕವು, ಹೈದರನೂ ಟಿಪ್ಪುವೂ ಮಲಗಿರುವ ಗುಂಬಜಿನ ಪಕ್ಕದಲ್ಲಿದೆ.