ಕಡಿಮೆ ಶಕ್ತಿಯ ಸಿದ್ಧಾಂತಗಳ ಎಲ್ಲೆಗಳು: ಬೆಂಗಳೂರಿನ ಒಂದು ಸಂಶೋಧನಾ ಪರಂಪರೆ

ಬೆಂಗಳೂರಿನ ವಿಜ್ಞಾನ ಚರಿತ್ರೆಯೆಂದರೆ ಉಪಗ್ರಹ, ವಿಮಾನ, ಪ್ರಯೋಗಶಾಲೆಗಳ ಚರಿತ್ರೆ ಎಂಬ ಭಾವನೆ ಪ್ರಚಲಿತವಾಗಿದೆ. ಪುಲಿಕೇಶಿನಗರದಿಂದ ಕೆಲವೇ ಕಿಲೋಮೀಟರು ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೇವಲ ಗಣಿತದ ಬಲದಿಂದ ಬೆಳೆದ ಒಂದು ವಿಚಾರಧಾರೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಅತ್ಯುನ್ನತ ಶಕ್ತಿಯಲ್ಲಿ ಪ್ರಕೃತಿಯ ನಿಯಮಗಳೇನೆಂದು ತಿಳಿಯದಿದ್ದರೂ ಕಡಿಮೆ ಶಕ್ತಿಯ ಘಟನೆಗಳನ್ನು ವಿವರಿಸಬಲ್ಲ ಸಿದ್ಧಾಂತಕ್ಕೆ ‘ಪರಿಣಾಮಕ ಕ್ಷೇತ್ರ ಸಿದ್ಧಾಂತ’ವೆಂದು ಹೆಸರು. ಅಜ್ಞಾತವಾದುದೆಲ್ಲ ಅದರಲ್ಲಿ ಕೆಲವು ಸ್ಥಿರಾಂಕಗಳಾಗಿ ಅಡಗಿರುತ್ತದೆ. ಆ ಸ್ಥಿರಾಂಕಗಳಿಗೆ ಮನಬಂದ ಬೆಲೆ ಕೊಡಬಹುದೇ? ಬಾರದು. ಕಾರಣಕ್ಕೆ ಮುನ್ನ ಕಾರ್ಯ ಸಂಭವಿಸಲಾರದು. ಸಂಭವನೀಯತೆಗಳ ಮೊತ್ತ ಒಂದನ್ನು ಮೀರಲಾರದು. ಮೊದಲ ನಿಯಮದಿಂದ ಹುಟ್ಟುವ ‘ಡಿಸ್ಪರ್ಷನ್ ಸಂಬಂಧ’ವು ಕಡಿಮೆ ಶಕ್ತಿಯ ಸ್ಥಿರಾಂಕಗಳನ್ನು ಎಲ್ಲ ಶಕ್ತಿಗಳ ಢಿಕ್ಕಿಗಳ ಸಂಕಲನಕ್ಕೆ ಜೋಡಿಸುತ್ತದೆ, ಎರಡನೆಯದರ ಪ್ರಕಾರ ಆ ಸಂಕಲನದ ಯಾವ ಅಂಶವೂ ಋಣವಾಗದು. ಆದ್ದರಿಂದ ಕೆಲವು ಸ್ಥಿರಾಂಕಗಳು ಧನಾತ್ಮಕವಾಗಿರಲೇಬೇಕು. ಹಾಗಿಲ್ಲದ ಸಿದ್ಧಾಂತ ಕಡಿಮೆ ಶಕ್ತಿಯಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಈ ನಿಯಮಗಳನ್ನು ಪಾಲಿಸುವ ಪೂರ್ಣ ಸಿದ್ಧಾಂತವೊಂದರ ಭಾಗವಾಗಲಾರದು.

ಈ ವಿಚಾರವು 2006ರಲ್ಲಿ ಆಡಮ್ಸ್, ಅರ್ಕಾನಿ-ಹಮೀದ್ ಮೊದಲಾದವರ ಪ್ರಬಂಧದಿಂದ ಆರಂಭವಾಯಿತೆನ್ನುವ ವಾಡಿಕೆಯುಂಟು. ಇದು ಅರ್ಧಸತ್ಯ. ಮುಂಬಯಿಯ ಟಾಟಾ ಸಂಸ್ಥೆಯ ಎಸ್. ಎಂ. ರಾಯ್ 1971ರಲ್ಲೇ ಪಯಾನ್‌ಗಳ ಚದರಿಕೆಗೆ ಡಿಸ್ಪರ್ಷನ್ ಸಂಬಂಧಗಳಿಂದ ಸಮೀಕರಣಗಳನ್ನು ಪಡೆದಿದ್ದರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಬಿ. ಅನಂತನಾರಾಯಣ್ ಅವರು ಟೂಬ್ಲಾನ್, ವಾಂಡರ್ಸ್ ಅವರೊಡನೆ 1995ರಲ್ಲಿ, ಪಯಾನ್‌ಗಳ ಪರಿಣಾಮಕ ಸಿದ್ಧಾಂತ ಮೂಲನಿಯಮಗಳಿಗೆ ಸಂಗತವೇ ಎಂದು ಪರೀಕ್ಷಿಸಿ, ಅದರ ಸ್ಥಿರಾಂಕಗಳ ಮೇಲೆ ಅಸಮಾನತೆಗಳನ್ನು ಪ್ರಕಟಿಸಿದರು. ಅಂದರೆ 2006ಕ್ಕೆ ಹನ್ನೊಂದು ವರ್ಷ ಮೊದಲು!

ಇನ್ನೊಂದು ಪ್ರಸಂಗ ಇದಕ್ಕಿಂತ ಕುತೂಹಲಕರ. ಚದರಿಕೆಯ ಮೂರು ದಿಕ್ಕುಗಳನ್ನೂ ಸಮಾನವಾಗಿ ಕಾಣುವ ಡಿಸ್ಪರ್ಷನ್ ಸಂಬಂಧವನ್ನು ಓಬರ್‌ಸನ್ ಮತ್ತು ಖೂರಿ 1972ರಲ್ಲಿಯೇ ಬರೆದಿದ್ದರು. ಅದರ ಬಳಕೆ ಮಾತ್ರ ವಿರಳವಾಗಿತ್ತು. ಸುಮಾರು ಅರ್ಧ ಶತಮಾನದ ಅನಂತರ, 2021ರಲ್ಲಿ, ಸಂಸ್ಥೆಯ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರದ ಅನಿಂದ ಸಿನ್ಹಾ ಮತ್ತು ಅಹ್ಮದುಲ್ಲಾ ಜಾಹಿದ್ ಅದಕ್ಕೆ ಮರುಜೀವ ಕೊಟ್ಟರು. ಅದೇ ವರ್ಷ ಪಾರ್ಥಿವ್ ಹಾಲ್ದಾರ್ ಅವರೊಡಗೂಡಿ, 1916ರ ಬೀಬರ್‌ಬಾಕ್ ಊಹೆಯ ಗಣಿತವನ್ನು ಇದಕ್ಕೆ ಅನ್ವಯಿಸಿದರು. ಸ್ಥಿರಾಂಕಗಳ ಅನುಪಾತಗಳಿಗೆ ಕೆಳಗಿನ ಎಲ್ಲೆಯಷ್ಟೇ ಅಲ್ಲ, ಮೇಲಿನ ಎಲ್ಲೆಯೂ ದೊರೆಯಿತು.

2024ರಲ್ಲಿ ಅರ್ಣಬ್ ಪ್ರಿಯ ಸಾಹಾ ಮತ್ತು ಸಿನ್ಹಾ ತಂತು ಸಿದ್ಧಾಂತದ ಸೂತ್ರಗಳನ್ನು ಇದೇ ಜಾಡಿನಲ್ಲಿ ವಿಸ್ತರಿಸುವಾಗ ಪೈ ಸಂಖ್ಯೆಗೆ ಹೊಸದೊಂದು ಶ್ರೇಢಿ ಸಿಕ್ಕಿತು. ಅದರ ಒಂದು ಪರಿಮಿತಿಯಲ್ಲಿ ಕೇರಳದ ಮಾಧವನ ಶ್ರೇಢಿಯೇ ಬರುತ್ತದೆ. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಈ ಉಪಫಲ.