ಬೆಟ್ಟ ಅಗೆದು ಹಿಡಿದ ಇಲಿ, ಮತ್ತು ಅದರ ಮನೆ

ಇಲಿ ಸಾಕೋದಾ? ಅಂತ ಮೂಗು ಮುರಿಯಬೇಡಿ. ಗಣಪನ ವಾಹನಕ್ಕೆ ಕೈ ಮುಗಿದು ಬಂದು, ಅಡುಗೆಮನೆಯಲ್ಲಿ ಬೋನಿಟ್ಟು ಕಾಯುವ ಜನ ನಾವು. ಇಲಿಗೆ ಮನೆ ಕಟ್ಟಿಕೊಡುವ ಮಾತು ಕೇಳಿದರೆ ನಗು ಬರೋದು ಸಹಜ. ಆದರೆ ಹ್ಯಾಮ್‌ಸ್ಟರ್ ಸಾಕುವವರಲ್ಲಿ ಈಗ ಒಂದು ಹುಚ್ಚು ಜೋರಾಗಿದೆ. ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಪಾಚಿ, ಕೊರಡು, ಒಣಗಿದ ಹೂಗೊಂಚಲು, ಒಂದು ಮೂಲೆಯಲ್ಲಿ ಮರಳು.. ಥೇಟ್ ಪುಟ್ಟ ಕಾಡು! ಇದನ್ನು ಇಂಟರ್‌ನೆಟ್ ಕಾಲದ ಶೋಕಿ ಅಂದುಕೊಂಡವರೇ ಹೆಚ್ಚು. ನಿಜ ಹೇಳಬೇಕೆಂದರೆ, ಇವತ್ತಿನ ಸಾಕು ಗೋಲ್ಡನ್ ಹ್ಯಾಮ್‌ಸ್ಟರ್‌ಗಳ ವಂಶ ಬೆಳೆದದ್ದೇ ಒಬ್ಬ ಪುಣ್ಯಾತ್ಮ ಅದಕ್ಕೆ ಬಿಲದಂಥ ಗೂಡು ಮಾಡಿಕೊಟ್ಟ ಮೇಲೆ. ಅದು 1930ರಲ್ಲಿ.

ಗೋಲ್ಡನ್ ಹ್ಯಾಮ್‌ಸ್ಟರ್‌ನ ಊರು ಸಿರಿಯಾದ ಅಲೆಪ್ಪೊ ಸುತ್ತಮುತ್ತಲ ಹೊಲಗಳು. 18ನೇ ಶತಮಾನದಲ್ಲಿ ಅಲೆಪ್ಪೊದಲ್ಲಿ ವೈದ್ಯರಾಗಿದ್ದ ಅಲೆಕ್ಸಾಂಡರ್ ಮತ್ತು ಪ್ಯಾಟ್ರಿಕ್ ರಸೆಲ್ ಎಂಬ ಸೋದರರು ಆ ಊರಿನ ಜೀವಜಾಲದ ಬಗ್ಗೆ ಬರೆದ ಪುಸ್ತಕದ 1794ರ ಆವೃತ್ತಿಯಲ್ಲಿ ಇದರ ಪ್ರಸ್ತಾಪವಿದೆ. ಪ್ಯಾಟ್ರಿಕ್ ರಸೆಲ್ ಅಂದರೆ ಯಾರು ಗೊತ್ತಾ? ನಮ್ಮ ಹೊಲಗದ್ದೆಗಳ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಅನ್ನುತ್ತಾರಲ್ಲ, ಅದೇ ರಸೆಲ್. ಆಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ ದಕ್ಷಿಣ ಭಾರತದ ಹಾವುಗಳ ಬೆನ್ನು ಹತ್ತಿದವನು. ಇಲಿಯನ್ನೂ ಅದನ್ನು ತಿನ್ನುವ ಹಾವನ್ನೂ ಎರಡು ದೇಶಗಳಲ್ಲಿ ನೋಡಿ ಬರೆದ ಮಹಾನುಭಾವ! 1839ರಲ್ಲಿ ಲಂಡನ್ನಿನ ವಾಟರ್‌ಹೌಸ್ ಈ ಹ್ಯಾಮ್‌ಸ್ಟರ್‌ಗೆ ವೈಜ್ಞಾನಿಕ ಹೆಸರು ಕೊಟ್ಟ. ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷ ಜಗತ್ತು ಇದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು.

ಮತ್ತೆ ನೆನಪಾಗಿದ್ದಕ್ಕೆ ಕಾರಣ ನಮ್ಮ ದೇಶವನ್ನೂ ಕಾಡಿದ ಒಂದು ರೋಗ, ಕಾಲಾ ಅಜಾರ್. ಇದರ ಪರಾವಲಂಬಿ ಜೀವಿಯನ್ನು 1903ರಲ್ಲಿ ಲೀಶ್‌ಮನ್ ಮತ್ತು ಮದರಾಸಿನಲ್ಲಿದ್ದ ಡಾನೊವನ್ ಬೇರೆ ಬೇರೆಯಾಗಿ ವರದಿ ಮಾಡಿದ್ದರು. ಈ ರೋಗದ ಸಂಶೋಧನೆಗೆ ಚೀನಾದ ಹ್ಯಾಮ್‌ಸ್ಟರ್ ಚೆನ್ನಾಗಿ ಒಗ್ಗುತ್ತಿತ್ತು. ಆದರೆ ಅದು ಪಂಜರದಲ್ಲಿ ಮರಿ ಹಾಕಲು ಸುತರಾಂ ಒಪ್ಪುತ್ತಿರಲಿಲ್ಲ. ಪ್ರತಿ ಸಲವೂ ಚೀನಾದಿಂದ ತರಿಸೋದು ಆಗಿಹೋಗುವ ಮಾತಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಾಲ್ ಆಡ್ಲರ್, ಹತ್ತಿರದಲ್ಲೇ ಇಂಥದ್ದೊಂದು ಸಿಗುತ್ತದಾ ನೋಡಿ ಅಂತ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿಯನ್ನು ಕೇಳಿದರು.

1930ರ ಏಪ್ರಿಲ್ 12. ಅಲೆಪ್ಪೊ ಬಳಿಯ ಒಂದು ಗೋಧಿ ಹೊಲ. ಊರಿನ ಶೇಖ್ ಕೊಟ್ಟ ಕೂಲಿಯಾಳುಗಳು ಹೊಲವನ್ನು ಕೆದರಿ, ಕಂಡ ಕಂಡ ಬಿಲಗಳನ್ನೆಲ್ಲ ಅಗೆದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅಂತ ನಾವು ಗೇಲಿಗೆ ಹೇಳುತ್ತೇವೆ, ಇವರು ಅಕ್ಷರಶಃ ಅದನ್ನೇ ಮಾಡಿದರು. ಎಂಟು ಅಡಿ ಆಳದಲ್ಲಿ ಕೊನೆಗೂ ಒಂದು ಗೂಡು. ಒಳಗೆ ಒಬ್ಬ ತಾಯಿ, ಹನ್ನೊಂದು ಮರಿ.

ಮುಂದಿನದು ಓದಲು ಕಷ್ಟ. ತಾಯಿ ಮರಿಗಳನ್ನು ಒಂದು ಪೆಟ್ಟಿಗೆಗೆ ಹಾಕಿದ್ದೇ ತಡ, ತಾಯಿ ತನ್ನದೇ ಒಂದು ಮರಿಯ ತಲೆ ಕಚ್ಚಿ ಕೊಂದಿತು. ಉಳಿದವನ್ನಾದರೂ ಉಳಿಸಿಕೊಳ್ಳೋಣ ಅಂತ ತಾಯಿಯನ್ನು ಕೊಂದರು. ಇನ್ನೂ ಕಣ್ಣು ಬಿಡದ ಹತ್ತು ಮರಿಗಳನ್ನು ಅಹರೋನಿ ದಂಪತಿ ಕೈಯಾರೆ ಸಾಕಿದರು. ಅವು ಒಂದು ದಿನ ತಪ್ಪಿಸಿಕೊಂಡವು, ಮರಳಿ ಸಿಕ್ಕಿದ್ದು ಒಂಬತ್ತು. ಆ ಒಂಬತ್ತನ್ನು ವಿಶ್ವವಿದ್ಯಾಲಯದ ಪ್ರಾಣಿಶಾಲೆ ನೋಡಿಕೊಳ್ಳುತ್ತಿದ್ದ ಬೆನ್-ಮೆನಾಹೆಮ್‌ಗೆ ಒಪ್ಪಿಸಿದರು. ಅಲ್ಲಿ ಗೂಡಿನ ಮರದ ತಳವನ್ನೇ ಕೊರೆದು ಐದು ಓಡಿಹೋದವು, ಒಂದೂ ಬದುಕಲಿಲ್ಲ. ಹನ್ನೊಂದರಲ್ಲಿ ಉಳಿದದ್ದು ನಾಲ್ಕೇ ನಾಲ್ಕು.

ಮರದ ತಳ ಕೊರೆದದ್ದನ್ನು ನಾವು ತುಂಟತನ ಅನ್ನಬಹುದು. ನನಗನ್ನಿಸೋದು, ಅವು ಅಲ್ಲಿ ಬಿಲ ತೋಡುತ್ತಿದ್ದವು ಅಂತ. ಮಣ್ಣು ಇರಲಿಲ್ಲ, ಹಲಗೆ ಇತ್ತು, ಅಷ್ಟೇ.

ಬೆನ್-ಮೆನಾಹೆಮ್ ಏನು ಯೋಚಿಸಿದರೋ, ಮಾಡಿದ್ದು ಮಾತ್ರ ಭಲೇ ಅನ್ನುವಂಥದ್ದು. ಒಂದು ದೊಡ್ಡ ತಂತಿಬಲೆಯ ಪಂಜರ ತಂದು ಅದಕ್ಕೆ ಒಣಹುಲ್ಲನ್ನು ಒತ್ತಿ ಒತ್ತಿ ತುಂಬಿದರು. ಬೆಳಕು ಬೀಳಲು ಮೇಲೆ 5 ಸೆಂ.ಮೀ.ನಷ್ಟು ಮಾತ್ರ ಖಾಲಿ. ಮೊದಲು ಹೆಣ್ಣನ್ನು ಬಿಟ್ಟರು, ಅದು ಹುಲ್ಲಿನೊಳಗೆ ದಾರಿ ಕೊರೆದುಕೊಂಡು ಇಳಿಯಿತು. ಆಮೇಲೆ ಗಂಡನ್ನು ಬಿಟ್ಟರು. ಕೂಡಿದವು, ಮರಿಗಳಾದವು. ಒಂದೇ ವರ್ಷದಲ್ಲಿ ಸಂತತಿ 150ರ ಹತ್ತಿರ! ಇವತ್ತು ಜಗತ್ತಿನ ಸಾಕು ಗೋಲ್ಡನ್ ಹ್ಯಾಮ್‌ಸ್ಟರ್‌ಗಳು ಬಹುತೇಕ ಎಲ್ಲವೂ ಈ ಒಡಹುಟ್ಟಿದವುಗಳ ವಂಶ. ಅಂದರೆ ಅವುಗಳ ಮೂಲಮನೆ ಆ ಹುಲ್ಲಿನ ಪಂಜರ.

1931ರಲ್ಲಿ ಆಡ್ಲರ್ ಕೆಲವನ್ನು ಇಂಗ್ಲೆಂಡಿಗೆ ಒಯ್ದರು, ಕೋಟಿನ ಜೇಬಿನಲ್ಲಿ ಅಂತ ಕತೆ ಇದೆ. 1938ರಲ್ಲಿ ಅಮೆರಿಕ ಸೇರಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲಬಾಮಾದ ಆಲ್ಬರ್ಟ್ ಮಾರ್ಷ್ ಎಂಬಾತ ಇವನ್ನು ಸಾಕಿ ಮಾರುವುದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡ. ಲ್ಯಾಬಿನಿಂದ ಮಕ್ಕಳ ಕೋಣೆಗೆ ಬಂತು ಪ್ರಾಣಿ. ಆದರೆ ಅದರ ಜೊತೆ ಬಂದದ್ದು ಬೆನ್-ಮೆನಾಹೆಮ್‌ರ ಹುಲ್ಲಿನ ಗೂಡಲ್ಲ, ಲ್ಯಾಬಿನ ಡಬ್ಬಿ. ತಳದಲ್ಲಿ ಎರಡು ಬೆರಳು ಮರದ ಹೊಟ್ಟು, ಸುತ್ತ ಕಂಬಿ, ಒಂದು ಚಕ್ರ. ತೊಳೆಯಲು ಸುಲಭ, ಪ್ರಾಣಿ ಸದಾ ಕಣ್ಣಿಗೆ ಕಾಣುತ್ತೆ. ನಮ್ಮ ಫೀಲ್ಡಿನವರಿಗೆ ಇದು ಅರ್ಥವಾಗುತ್ತದೆ: ಕೊಳ್ಳುವವನ ರಿಕ್ವೈರ್‌ಮೆಂಟ್ ಎಲ್ಲ ಬರೆದುಕೊಂಡು, ಬಳಸುವವನನ್ನು ಒಂದು ಮಾತೂ ಕೇಳದೆ ಮಾಡಿದ ಡಿಸೈನ್ :-)

ಅಚ್ಚರಿ ಏನು ಗೊತ್ತಾ? ಹ್ಯಾಮ್‌ಸ್ಟರ್ ಮೇಲೆ ಲ್ಯಾಬುಗಳಲ್ಲಿ ದಶಕಗಟ್ಟಲೆ ಸಂಶೋಧನೆ ನಡೆದರೂ, ಹೊಲದಲ್ಲಿ ಅದು ಹೇಗೆ ಬದುಕುತ್ತದೆ ಅಂತ ಸರಿಯಾಗಿ ನೋಡಿದ್ದು 1990ರ ದಶಕದ ಕೊನೆಗೆ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ಗಾಟರ್‌ಮನ್ ತಂಡ ಸಿರಿಯಾಕ್ಕೆ ಹೋಗಿ ಬಿಲಗಳನ್ನು ಅಳೆದು 2001ರಲ್ಲಿ ಪ್ರಕಟಿಸಿತು. ಬಿಲದ ಆಳ 36ರಿಂದ 106 ಸೆಂ.ಮೀ., ಸರಾಸರಿ 65. ನೇರ ಕೆಳಗಿಳಿಯುವ ಒಂದು ಕೊಳವೆಯಂಥ ದಾರಿ, ಮಲಗಲು ಒಂದು ಕೋಣೆ, ಕಾಳಿಗೆ ಇನ್ನೊಂದು ಕೋಣೆ. ಒಂದು ಬಿಲಕ್ಕೆ ಒಂದೇ ವಯಸ್ಕ ಪ್ರಾಣಿ. (ಜೋಡಿ ಇದ್ದರೆ ಚೆಂದ ಅಂತ ಅಂಗಡಿಯಲ್ಲಿ ಎರಡನ್ನು ಒಟ್ಟಿಗೆ ಕೊಡುತ್ತಾರಲ್ಲ, ತಗೋಬೇಡಿ. ಗೋಲ್ಡನ್ ಹ್ಯಾಮ್‌ಸ್ಟರ್‌ಗಳು ಬೆಳೆದ ಮೇಲೆ ಕಚ್ಚಾಡಿ ಸಾಯುತ್ತವೆ.) ಇದೇ ತಂಡ 2008ರಲ್ಲಿ ಇನ್ನೊಂದು ವಿಷಯ ಹೊರಗೆಡವಿತು. ಲ್ಯಾಬಿನಲ್ಲಿ ರಾತ್ರಿ ಓಡಾಡುವ ಪ್ರಾಣಿ ಅಂತಲೇ ಹೆಸರಾದ ಇದು, ಹೊಲದಲ್ಲಿ, ಕನಿಷ್ಠ ಹೆಣ್ಣುಗಳು, ಹಗಲಲ್ಲೇ ಹೊರಗೆ ಬರುತ್ತಿದ್ದವು. ಡಬ್ಬಿಯಲ್ಲಿ ನೋಡಿ ನಾವು ಕಲಿತ ಪಾಠವೇ ಬೇರೆ.

ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ನೇರ. 45 ಗಂಡು ಹ್ಯಾಮ್‌ಸ್ಟರ್‌ಗಳು, ಹದಿನೈದರ ಮೂರು ಗುಂಪು. ಒಂದು ಗುಂಪಿಗೆ 10 ಸೆಂ.ಮೀ. ಆಳದ ಹಾಸು, ಇನ್ನೊಂದಕ್ಕೆ 40, ಮತ್ತೊಂದಕ್ಕೆ 80. 10 ಸೆಂ.ಮೀ. ಗುಂಪಿನವು ಉಳಿದವಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ಕಂಬಿ ಕಚ್ಚಿದವು, ಚಕ್ರದಲ್ಲೂ ಹೆಚ್ಚು ಓಡಿದವು. ಹಲ್ಲು ಸವೆಸಲು ಕಂಬಿ ಕಚ್ಚುತ್ತೆ ಬಿಡಿ, ಅನ್ನುವ ಸಮಾಧಾನ ಇನ್ನು ನಡೆಯೋದಿಲ್ಲ.

ಈಗ ಆ ಪುಟ್ಟ ಕಾಡುಗಳ ವಿಷಯಕ್ಕೆ ಬರೋಣ. ಜರ್ಮನಿಯ ಪ್ರಾಣಿವೈದ್ಯರ ಒಂದು ಸಂಘ ಕನಿಷ್ಠ 100x50x50 ಸೆಂ.ಮೀ. ಗೂಡು ಬೇಕು ಅನ್ನುತ್ತದೆ, ಅಲ್ಲಿನ ಹವ್ಯಾಸಿಗಳು ಅದಕ್ಕಿಂತ ದೊಡ್ಡದನ್ನೇ ಕಟ್ಟುತ್ತಾರೆ. ಕೆಲವು ಫೋಟೋಗಳನ್ನು ನೋಡಿದರೆ ಮಾತ್ರ ನನಗೆ ಅನುಮಾನ. ಮೇಲೆ ಪಾಚಿಯ ದಿಬ್ಬ, ಪುಟ್ಟ ಸೇತುವೆ, ಅಣಬೆಯಂಥ ಗುಡಿಸಲು.. ಕೆಳಗೆ ನಾಲ್ಕು ಬೆರಳು ಹಾಸು! ಇದು ಮನುಷ್ಯನ ಕಣ್ಣಿಗೆ ಪ್ರಕೃತಿ, ಅಷ್ಟೇ. ಆ ಹುಲ್ಲಿನ ಪಂಜರದ ಫೋಟೋ ತೆಗೆದಿದ್ದರೆ ಕಾಣುತ್ತಿದ್ದುದು ಒಂದು ಹುಲ್ಲಿನ ಪೆಂಡಿ. ಯಾರೂ ಲೈಕ್ ಒತ್ತುತ್ತಿರಲಿಲ್ಲ.

ಮಾಡಲೇಬೇಕು ಅಂತಿದ್ದವರಿಗೆ ಕೆಲಸದ ಮಾತು ಇಷ್ಟು. ಕಾಗದದ ಚೂರಿನ ಹಾಸನ್ನು ಸುರಿದು ಬಿಟ್ಟರೆ ಸುರಂಗ ನಿಲ್ಲೋದಿಲ್ಲ. ನಡುನಡುವೆ ಒಣಹುಲ್ಲಿನ ಪದರ ಹಾಕಿ ಕೈಯಿಂದ ಒತ್ತುತ್ತಾ ಬರಬೇಕು, ಒಂದು ಕಡೆಯಾದರೂ 30-40 ಸೆಂ.ಮೀ. ಆಳ ಬರಲಿ. ದೇವದಾರಿನಂಥ ಘಾಟು ವಾಸನೆಯ ಮರದ ಹೊಟ್ಟು ಬೇಡ, ಉಸಿರಾಟಕ್ಕೆ ಕೆಟ್ಟದ್ದು. ಮೇಲ್ಮುಚ್ಚಳ ಗಾಳಿಯಾಡುವ ಜಾಲರಿಯದ್ದಿರಲಿ, ಗಾಜಿನದ್ದು ಬೇಡ. ಕಲ್ಲು, ಭಾರದ ಕೊರಡು ಇಡುವುದಾದರೆ ಹಾಸಿನ ಮೇಲಿಡದೆ, ಪೆಟ್ಟಿಗೆಯ ತಳದ ಮೇಲೇ ಗಟ್ಟಿ ಕಾಲು ಕೊಟ್ಟು ನಿಲ್ಲಿಸಿ. ಇಲ್ಲದಿದ್ದರೆ ಇಲಿ ಅದರ ಬುಡವನ್ನೇ ತೋಡುತ್ತದೆ, ಕಲ್ಲು ಕುಸಿದು ಅದರ ಮೇಲೇ ಬೀಳುತ್ತದೆ.